ತಲೆಬುರುಡೆ, ಜಾತಕ, ತನಿಖೆ: ಅಪರಾಧಿಯ ಮನಸ್ಸನ್ನು ಓದಲು ಹೊರಟ ಮೆಡೋಸ್ ಟೇಲರ್

1858ರ ಜೂನ್ ತಿಂಗಳ ಮೊದಲ ದಿನಗಳು. ನರಗುಂದದ ಕೋಟೆ ಬ್ರಿಟಿಷರ ವಶವಾಗಿತ್ತು. ದೊರೆ ಬಾಬಾಸಾಹೇಬರು, ಅಂದರೆ ಭಾಸ್ಕರರಾವ್ ಭಾವೆ, ಅಲ್ಲಿಂದ ತಪ್ಪಿಸಿಕೊಂಡಿದ್ದರು. ದತ್ತು ತೆಗೆದುಕೊಳ್ಳಲು ಅನುಮತಿ ಸಿಗದೆ, ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯಿಂದ ಕೆರಳಿ ಅವರು ಬಂಡೆದ್ದಿದ್ದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಹತ್ಯೆಯಾಗಿತ್ತು. ಬೆಳಗಾವಿಯ ಪೊಲೀಸ್ ಸೂಪರಿಂಟೆಂಡೆಂಟ್ ಫ್ರಾಂಕ್ ಸೌಟರ್ ಜಾಡು ಹಿಡಿದು ಹೊರಟ. ತೋರಗಲ್ಲಿನ ಕಾಡಿನಲ್ಲಿ ಅವನಿಗೆ ಸಿಕ್ಕಿದ್ದು ಪಂಢರಪುರಕ್ಕೆ ಹೊರಟ ಯಾತ್ರಿಕರಂತೆ ಕಾಣುವ ಒಂದು ಸಣ್ಣ ಗುಂಪು. ಅವರಲ್ಲಿ ಒಬ್ಬರು ಬಾಬಾಸಾಹೇಬರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಸೌಟರ್ ಮುಂದೆ ಮುಂಬಯಿಯ ಪೊಲೀಸ್ ಕಮಿಷನರ್ ಆದ.

ಬಾಬಾಸಾಹೇಬರು ನಮಗೆ ಸ್ವಾತಂತ್ರ್ಯ ಹೋರಾಟಗಾರರು, ಅಂದಿನ ಸರಕಾರಕ್ಕೆ ಕೊಲೆಗಡುಕ. ಯಾರನ್ನು ಅಪರಾಧಿ ಎನ್ನಬೇಕು ಎಂಬುದೇ ಹೀಗೆ ನೋಡುವವರ ಮೇಲೆ ನಿಂತಿರುತ್ತದೆ. ಅದನ್ನು ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ: ವೇಷದ ಒಳಗಿರುವ ಮನುಷ್ಯನನ್ನು ಗುರುತಿಸುವುದು ಹೇಗೆ? ಮುಖ ನೋಡಿಯೇ? ಹುಟ್ಟಿನಿಂದಲೇ? ಗ್ರಹಗತಿಯಿಂದಲೇ?

ಇಂದಿನ ಕ್ರೈಮ್ ಥ್ರಿಲ್ಲರ್‌ಗಳಲ್ಲಿ ಇದಕ್ಕೆ 'ಸೈಕಲಾಜಿಕಲ್ ಪ್ರೊಫೈಲಿಂಗ್' ಎಂಬ ಹೆಸರಿದೆ. ಪತ್ತೇದಾರ ಕೊಲೆಯಾದ ಜಾಗವನ್ನು ನೋಡಿ, ಕೊಲೆಗಾರನ ಬಾಲ್ಯದಿಂದ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತಾನೆ! ಅಷ್ಟು ಸುಲಭವೇ? ಇದಕ್ಕೆ ಉತ್ತರ ಹುಡುಕಲು ನಾವು ನರಗುಂದದಿಂದ ರೋಣ, ಗಜೇಂದ್ರಗಡ ದಾಟಿ ಪೂರ್ವಕ್ಕೆ, ಲಿಂಗಸುಗೂರು ಮೀರಿ, ಕೃಷ್ಣೆಯ ಆಚೆ ದಡದ ಸುರಪುರಕ್ಕೆ ಹೋಗಬೇಕು. ಸುರಪುರವೂ ಅದೇ 1858ರಲ್ಲಿ ಬಂಡೆದ್ದಿತು. ಆ ಎರಡು ಸಂಸ್ಥಾನಗಳ ನಡುವೆ ಗುಟ್ಟಾಗಿ ಸಂಪರ್ಕವಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಆ ಸುರಪುರವನ್ನು ಹನ್ನೆರಡು ವರ್ಷ ಆಳಿದವನೇ ಅಪರಾಧಿಯ ಮನಸ್ಸಿನ ಬಗ್ಗೆ ಇಂಗ್ಲಿಷಿನ ಮೊದಮೊದಲ ಕಾದಂಬರಿಗಳಲ್ಲಿ ಒಂದನ್ನು ಬರೆದ ಫಿಲಿಪ್ ಮೆಡೋಸ್ ಟೇಲರ್.

ಹದಿನೈದರ ಹುಡುಗ ಭಾರತಕ್ಕೆ ಬಂದ

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹದಿನೈದನೆಯ ವಯಸ್ಸಿಗೆ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿದ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. 1824ರಲ್ಲಿ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಹುಡುಗ ಪರ್ಷಿಯನ್, ಹಿಂದೂಸ್ತಾನಿ, ಮರಾಠಿ ಕಲಿತ. ತನಿಖೆ ಮಾಡುವವನಿಗೆ ಭಾಷೆಗಿಂತ ದೊಡ್ಡ ಆಯುಧ ಇಲ್ಲ.

ಕೆಲವೇ ವರ್ಷಗಳಲ್ಲಿ ಅವನನ್ನು ನಿಜಾಮನ ರಾಜ್ಯದ ನೈರುತ್ಯ ಭಾಗದ ಪೊಲೀಸ್ ಅಧಿಕಾರಿಯಾಗಿ ನೇಮಿಸಲಾಯಿತು. ಅಲ್ಲಿ ದಾರಿಹೋಕರು ನಿಗೂಢವಾಗಿ ಕಾಣೆಯಾಗುತ್ತಿದ್ದರು, ಹೆಣಗಳು ಸಿಗುತ್ತಿದ್ದವು. ಟೇಲರ್ ಜಾಡು ಹಿಡಿಯುವ ಹೊತ್ತಿಗೆ ಮತ್ತೆ ಸೈನ್ಯಕ್ಕೆ ಮರಳುವಂತೆ ಆಜ್ಞೆ ಬಂತು. ಠಕ್ಕರ ಜಾಲವನ್ನು ಬಯಲಿಗೆಳೆದ ಕೀರ್ತಿ ಉತ್ತರದಲ್ಲಿದ್ದ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಗೆ ಹೋಯಿತು. ಆ ಕೊರಗು ಟೇಲರ್‌ಗೆ ಕೊನೆಯವರೆಗೂ ಇತ್ತು.

ಅಂದ ಹಾಗೆ, ಇಂಗ್ಲಿಷಿನಲ್ಲಿ ರೌಡಿಗೆ ಬಳಸುವ 'ಥಗ್' ಪದ ಹೋದದ್ದು ಇಲ್ಲಿಂದಲೇ. ನಮ್ಮ 'ಠಕ್ಕ' ಮತ್ತು ಹಿಂದಿಯ 'ಠಗ್' ಒಂದೇ ಬೇರಿನ ಪದಗಳು. ಮೊದಲ ಅರ್ಥ ಕೊಲೆಗಾರ ಅಲ್ಲ, ಮೋಸಗಾರ. ದಾರಿಯಲ್ಲಿ ಸಹಪ್ರಯಾಣಿಕರಂತೆ ಜೊತೆಗೂಡಿ, ಸ್ನೇಹ ಬೆಳೆಸಿ, ಅನುಕೂಲದ ಜಾಗ ಬಂದಾಗ ಕೊರಳಿಗೆ ಬಟ್ಟೆ ಬಿಗಿದು ಕೊಂದು, ಹೆಣ ಹೂಳುವುದು ಅವರ ರೀತಿ ಎಂದು ದಾಖಲೆಗಳು ಹೇಳುತ್ತವೆ.

ಕೊಲೆಗಾರ ಮಾತಾಡಿದ, ಅಧಿಕಾರಿ ಬರೆದುಕೊಂಡ

1830ರ ದಶಕದ ಆರಂಭದಲ್ಲಿ ಹೈದರಾಬಾದ್ ಸೀಮೆಯಲ್ಲೂ ಠಕ್ಕರ ತನಿಖೆ ಶುರುವಾದಾಗ ಟೇಲರ್‌ಗೆ ಹೇಳಿಕೆ ದಾಖಲಿಸುವ ಕೆಲಸ ಬಂತು. ತನಿಖೆಯ ಕ್ರಮ ಸರಳವಾಗಿತ್ತು. ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಮಾಫಿ ಸಾಕ್ಷಿಗಳನ್ನಾಗಿ ಮಾಡುವುದು, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸುವುದು, ಹೇಳಿಕೆಗಳನ್ನು ಒಂದಕ್ಕೊಂದು ತಾಳೆ ನೋಡುವುದು, ಅವರು ತೋರಿಸಿದ ಜಾಗವನ್ನು ಅಗೆದು ಮೂಳೆ ಸಿಗುತ್ತದೆಯೇ ಎಂದು ಪರೀಕ್ಷಿಸುವುದು. ಇವುಗಳಲ್ಲಿ ಕೊನೆಯದೇ ಗಟ್ಟಿಯಾದದ್ದು. ಮಾತು ಸುಳ್ಳಾಗಬಹುದು, ಹೇಳಿದ ಜಾಗದಲ್ಲೇ ಸಿಕ್ಕ ಅಸ್ಥಿಪಂಜರ ಸುಳ್ಳಾಗುವುದು ಕಷ್ಟ.

ಈ ಅನುಭವದಿಂದ ಹುಟ್ಟಿದ್ದು 'ಕನ್ಫೆಶನ್ಸ್ ಆಫ್ ಎ ಥಗ್' ಕಾದಂಬರಿ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ ಅದು ಮೂರು ಸಂಪುಟಗಳಲ್ಲಿ ಅಚ್ಚಾಯಿತು. ವಿಕ್ಟೋರಿಯಾ ರಾಣಿ ಅಚ್ಚಾಗುತ್ತಿದ್ದ ಹಾಳೆಗಳನ್ನೇ ತರಿಸಿಕೊಂಡು ಓದಿದಳಂತೆ. ಕಥೆಯ ಚೌಕಟ್ಟು ಇಷ್ಟೇ: ಸೆರೆಯಲ್ಲಿರುವ ಅಮೀರ್ ಅಲಿ ತನ್ನ ಜೀವನದ ಕಥೆ ಹೇಳುತ್ತಾನೆ, ಬಿಳಿಯ ಅಧಿಕಾರಿ ಕೇಳಿಸಿಕೊಳ್ಳುತ್ತಾನೆ. ಅಮೀರ್ ಅಲಿಯ ಹೆತ್ತವರನ್ನು ಕೊಂದ ಠಕ್ಕನೇ ಅವನನ್ನು ಮಗನಂತೆ ಸಾಕುತ್ತಾನೆ. ಪ್ರೀತಿಯಿಂದ ಬೆಳೆದ ಹುಡುಗ ಅದೇ ಕಸುಬನ್ನು ಹೆಮ್ಮೆಯಿಂದ ಕಲಿಯುತ್ತಾನೆ. ಕೊನೆಗೆ ತಾನು ಅರಿಯದೆ ಸ್ವಂತ ತಂಗಿಯನ್ನೇ ಕೊಂದದ್ದು ಅವನಿಗೆ ಗೊತ್ತಾಗುತ್ತದೆ. ಕೊಲೆಗಾರ ಹುಟ್ಟುವುದಿಲ್ಲ, ತಯಾರಾಗುತ್ತಾನೆ ಎಂಬುದನ್ನು ಈ ಕಥೆ ಗಟ್ಟಿಯಾಗಿ ತೋರಿಸುತ್ತದೆ.

1970ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ಅಧಿಕಾರಿಗಳು ಜೈಲುಗಳಿಗೆ ಹೋಗಿ ಕೊಲೆಗಾರರನ್ನು ಮಾತಾಡಿಸಲು ಆರಂಭಿಸಿದರು. ಅವರ ಪ್ರಸಿದ್ಧ ಅಧ್ಯಯನ ನಿಂತಿದ್ದು 36 ಕೈದಿಗಳ ಸಂದರ್ಶನದ ಮೇಲೆ. ಪ್ರೊಫೈಲಿಂಗ್ ಎಂಬ ಪದ ಜನಪ್ರಿಯವಾದದ್ದು ಅದರಿಂದ. ಆದರೆ ಸೆರೆಮನೆಯಲ್ಲಿ ಕೂತು ಕೊಲೆಗಾರನ ಕಥೆ ಕೇಳುವ ರೀತಿ ಟೇಲರ್‌ನ ಪುಸ್ತಕದಲ್ಲಿ ಆಗಲೇ ಇತ್ತು.

ಎರಡಕ್ಕೂ ಒಂದೇ ದೌರ್ಬಲ್ಯ. ಕೈದಿ ಹೇಳಿದ್ದೆಲ್ಲ ನಿಜವೇ? ಅಮೀರ್ ಅಲಿ 719 ಕೊಲೆಗಳಲ್ಲಿ ಪಾಲ್ಗೊಂಡವನು ಎಂದು ಪುಸ್ತಕ ಹೇಳುತ್ತದೆ. ಲೆಕ್ಕ ಇಟ್ಟವರು ಯಾರು? ಅವನೇ! ಹೆಸರು ಹೇಳಿದರೆ ನೇಣು ತಪ್ಪುತ್ತದೆ ಎಂದಾದರೆ ಮಾಫಿ ಸಾಕ್ಷಿ ಹೆಸರು ಹೇಳುತ್ತಲೇ ಹೋಗುತ್ತಾನೆ.

ಎಡಿನ್‌ಬರೋಗೆ ಹೋದ ಏಳು ತಲೆಬುರುಡೆಗಳು

ಅದೇ ದಶಕದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಮಧ್ಯ ಭಾರತದ ಸಾಗರ್‌ನಲ್ಲಿ ಗಲ್ಲಿಗೇರಿಸಲಾದ ಏಳು ಠಕ್ಕರ ತಲೆಬುರುಡೆಗಳನ್ನು ಹೆನ್ರಿ ಸ್ಪ್ರೈ ಎಂಬ ವೈದ್ಯ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕಳಿಸಿದ. ಏಕೆಂದರೆ ಆಗ 'ಫ್ರೆನಾಲಜಿ' ಎಂಬ ವಿದ್ಯೆ ಜೋರಾಗಿತ್ತು. ತಲೆಬುರುಡೆಯ ಉಬ್ಬು ತಗ್ಗುಗಳನ್ನು ಮುಟ್ಟಿ ನೋಡಿ ಮನುಷ್ಯನ ಗುಣ ಹೇಳಬಹುದು ಎಂಬುದು ಅದರ ವಾದ.

ಆ ತಲೆಬುರುಡೆಗಳನ್ನು ಪರೀಕ್ಷಿಸಿದವರಿಗೆ ಅವು ಠಕ್ಕರವು ಎಂದು ಮೊದಲೇ ಗೊತ್ತಿತ್ತು. ಉತ್ತರ ಕೈಯಲ್ಲಿಟ್ಟುಕೊಂಡು ಲೆಕ್ಕ ಮಾಡಿದಂತೆ! ನಿಜವಾದ ಪರೀಕ್ಷೆ ಆಗಬೇಕಿದ್ದರೆ ಸಾಧುಗಳ, ರೈತರ, ನ್ಯಾಯಾಧೀಶರ ತಲೆಬುರುಡೆಗಳ ನಡುವೆ ಇವನ್ನು ಬೆರೆಸಿ, ಹೆಸರು ಮುಚ್ಚಿಟ್ಟು, ಯಾರು ಕೊಲೆಗಾರ ಎಂದು ಕೇಳಬೇಕಿತ್ತು. ತಲೆಬುರುಡೆಯ ಹೊರಗಿನ ಉಬ್ಬಿಗೂ ಮನುಷ್ಯನ ಸ್ವಭಾವಕ್ಕೂ ಸಂಬಂಧವಿಲ್ಲ ಎಂಬುದು ಇಂದು ಸ್ಪಷ್ಟ.

ಸುರಪುರದಲ್ಲಿ 'ಅಪ್ಪ'

1841ರಲ್ಲಿ ಟೇಲರ್ ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಆಗ ಎಳೆಯ ಬಾಲಕ. ತಾಯಿ ರಾಣಿ ಈಶ್ವರಮ್ಮ. ಬೇಡ ಸಂಸ್ಥಾನದ ಆಡಳಿತ ನೋಡಿಕೊಳ್ಳುವುದು, ಹುಡುಗನನ್ನು ಬೆಳೆಸುವುದು ಟೇಲರ್‌ನ ಹೊಣೆಯಾಯಿತು. ಅವನು ಬೋನಾಳದ ಕೆರೆಯನ್ನು ಹಿಗ್ಗಿಸಿದ, ಗುಡ್ಡದ ಮೇಲೆ ಮನೆ ಕಟ್ಟಿಸಿದ. ಆ 'ಟೇಲರ್ ಮಂಜಿಲ್' ಇಂದಿಗೂ ಇದೆ. 1844ರಲ್ಲಿ ಹೆಂಡತಿ ಮೇರಿ ತೀರಿಕೊಂಡ ಮೇಲೆ ಒಂಟಿಯಾದ. ಬಾಲಕ ರಾಜ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದ.

ಪತ್ತೇದಾರಿಯ ಬುದ್ಧಿ ಇಲ್ಲೂ ಸುಮ್ಮನಿರಲಿಲ್ಲ. ರಾಜನ ಕೊಳೂರಿನಂಥ ಕಡೆ ಕಲ್ಲುಚಪ್ಪಡಿಗಳ ಪುಟ್ಟ ಮನೆಗಳಂಥ ರಚನೆಗಳಿವೆ. ಅವು ಮೋರ್ಯರೆಂಬ ಕುಳ್ಳರು ವಾಸವಿದ್ದ ಮನೆಗಳು ಎಂದು ಜನ ನಂಬಿದ್ದರು. ಗಂಗಾವತಿ ಸಮೀಪದ ಹಿರೇಬೆಣಕಲ್ ಗುಡ್ಡದಲ್ಲೂ ಇದೇ ಕಥೆ ಕೇಳಿಬರುತ್ತದೆ. ಟೇಲರ್ ಇಂಥ ಜಾಗಗಳನ್ನು ಅಗೆಸಿ, ಅಳತೆ ಮಾಡಿ, ಚಿತ್ರ ಬರೆದ. ಸಿಕ್ಕಿದ್ದು ಮೂಳೆ, ಬೂದಿ, ಮಡಕೆಚೂರು. ಅವು ಮನೆಗಳಲ್ಲ, ಪುರಾತನರ ಸಮಾಧಿಗಳು. ಠಕ್ಕರ ತನಿಖೆಯಲ್ಲಿ ಕಲಿತ ಅಗೆದು ನೋಡುವ ಪಾಠ ಇಲ್ಲಿ ಪುರಾತತ್ತ್ವವಾಯಿತು.

ಜಾತಕ ನಿಜವಾಯಿತೇ?

1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ, ಆಮೇಲೆ ಬೇರಾರಿಗೆ ಹೋದ. 1858ರ ಫೆಬ್ರವರಿಯಲ್ಲಿ ಆಘಾತದ ಸುದ್ದಿ ಬಂತು. ಸುರಪುರ ಬಂಡೆದ್ದಿತ್ತು. ಫೆಬ್ರವರಿ 7ರ ರಾತ್ರಿ ಬ್ರಿಟಿಷ್ ಪಾಳೆಯದ ಮೇಲೆ ದಾಳಿಯಾಯಿತು. ಬಂಡಾಯ ಮುರಿದುಬಿತ್ತು. ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದರು. ಸಾವಿರಾರು ಮಾತುಗಳಲ್ಲಿ ಸುಳ್ಳು ಹೆಕ್ಕಿದ್ದ ತನಿಖಾಧಿಕಾರಿಗೆ ತಾನೇ ಬೆಳೆಸಿದ ಹುಡುಗನ ಮನಸ್ಸು ತಿಳಿಯಲಿಲ್ಲ!

ಸೆರೆಯಲ್ಲಿದ್ದ ರಾಜರನ್ನು ಟೇಲರ್ ಕಂಡ. ಮರಣದಂಡನೆ ತಪ್ಪಿ, ಕೊನೆಗೆ ನಾಲ್ಕು ವರ್ಷದ ಕೋಟೆವಾಸದ ಶಿಕ್ಷೆಯಾಯಿತು. ಚೆಂಗಲ್‌ಪಟ್ಟುವಿನ ಕಡೆಗೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜರು ಬಲಿಯಾದರು. ಅದು ಆತ್ಮಹತ್ಯೆ ಎಂಬುದು ಸರಕಾರಿ ವಿವರಣೆ. ಸುರಪುರದ ಕಡೆ ಅದನ್ನು ಸಂಶಯದಿಂದ ನೋಡುವವರು ಇಂದಿಗೂ ಇದ್ದಾರೆ.

ಇಲ್ಲಿಗೆ ಜಾತಕ ಸೇರಿಕೊಳ್ಳುತ್ತದೆ. ರಾಜ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆ ಎಂದು ಹುಟ್ಟಿದಾಗಲೇ ಜ್ಯೋತಿಷಿ ಬರೆದಿದ್ದನೆಂದೂ, ರಾಣಿಯೇ ಅದನ್ನು ತನಗೆ ತಿಳಿಸಿದ್ದಳೆಂದೂ, ಅದು ಹಾಗೆಯೇ ನಡೆಯಿತೆಂದೂ ಟೇಲರ್ ತನ್ನ ಆತ್ಮಕಥೆಯಲ್ಲಿ ಬೆರಗಿನಿಂದ ಬರೆದಿದ್ದಾನೆ. ಇದನ್ನು ಹಿಡಿದುಕೊಂಡು ಜ್ಯೋತಿಷ್ಯ ಸತ್ಯ ಎನ್ನಬಹುದೇ?

ಟೇಲರ್ ಠಕ್ಕರಿಗೆ ಹಾಕಿದ ಪರೀಕ್ಷೆಯನ್ನೇ ಇಲ್ಲಿಗೂ ಹಾಕೋಣ. ಈ ಕಥೆಗೆ ಇರುವುದು ಒಂದೇ ಹೇಳಿಕೆ, ಅದೂ ಘಟನೆ ನಡೆದು ಎಷ್ಟೋ ವರ್ಷಗಳ ಮೇಲೆ ಬರೆದದ್ದು. ತಾಳೆ ನೋಡಲು ನಮ್ಮ ಮುಂದೆ ಆ ಜಾತಕವಿಲ್ಲ. ಅಂದಿನ ರಾಜಮನೆತನಗಳಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಜಾತಕ ಬರೆಸುತ್ತಿದ್ದರು. ಸುಳ್ಳಾದ ನೂರಾರು ಭವಿಷ್ಯಗಳನ್ನು ಯಾರೂ ಆತ್ಮಕಥೆಯಲ್ಲಿ ಬರೆಯುವುದಿಲ್ಲ, ನಿಜವಾದ ಒಂದನ್ನು ಯಾರೂ ಮರೆಯುವುದಿಲ್ಲ. ಇನ್ನು ಆ ವರ್ಷ ಸುರಪುರವನ್ನೂ ನರಗುಂದವನ್ನೂ ಬಲಿ ತೆಗೆದುಕೊಂಡದ್ದು ಗ್ರಹಗಳಲ್ಲ. ಸಂಸ್ಥಾನಗಳನ್ನು ಹಿಂಡುತ್ತಿದ್ದ ಒಂದು ಆಳ್ವಿಕೆ ಮತ್ತು ಅದರ ವಿರುದ್ಧದ ಸಿಟ್ಟು. ಪ್ರೀತಿಸಿದ ಮಗುವಿನ ಸಾವಿನ ಮುಂದೆ ಚಾಣಾಕ್ಷ ತನಿಖಾಧಿಕಾರಿಯೂ ಸಮಾಧಾನಕ್ಕೆ ವಿಧಿಯನ್ನು ಹುಡುಕಿದ. ಅದು ಮನುಷ್ಯಸಹಜ, ಆದರೆ ಪುರಾವೆ ಅಲ್ಲ.

ಕಥೆ ಉಳಿಸಿಹೋದ ಗಾಯ

1860ರಲ್ಲಿ ಟೇಲರ್ ಭಾರತ ಬಿಟ್ಟು ಐರ್ಲೆಂಡಿನಲ್ಲಿ ನೆಲೆಸಿದ. 'ತಾರಾ', 'ಸೀತಾ' ಮೊದಲಾದ ಕಾದಂಬರಿಗಳನ್ನು ಬರೆದ. 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಅವನ ಆತ್ಮಕಥೆಯನ್ನು ಹೊರತಂದಳು.

ಆದರೆ ಅವನ ಮೊದಲ ಕಾದಂಬರಿಯ ಪರಿಣಾಮ ಅಲ್ಲಿಗೆ ಮುಗಿಯಲಿಲ್ಲ. ಒಬ್ಬ ಅಮೀರ್ ಅಲಿ ಹೇಗೆ ತಯಾರಾದ ಎಂದು ಹೇಳಿದ ಅದೇ ಪುಸ್ತಕ, ಭಾರತದಲ್ಲಿ ಕೊಲೆಯೇ ಕುಲಕಸುಬಾದ ಒಂದು ಗುಪ್ತ ಪಂಥವಿದೆ ಎಂಬ ಚಿತ್ರವನ್ನೂ ಹರಡಿತು. ಹಾಗೊಂದು ಪಂಥ ನಿಜಕ್ಕೂ ಇತ್ತೇ, ಅಥವಾ ಚದುರಿದ ದರೋಡೆ ಗುಂಪುಗಳನ್ನು ಅಧಿಕಾರಿಗಳು ಒಂದೇ ಚೀಲಕ್ಕೆ ತುಂಬಿದರೇ ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. 1836ರ ಕಾನೂನಿನ ಪ್ರಕಾರ ಠಕ್ಕರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಸಾಕು, ಯಾವ ಕೊಲೆ ಮಾಡಿದ ಎಂದು ತೋರಿಸಬೇಕಿರಲಿಲ್ಲ, ಜೀವಾವಧಿ ಶಿಕ್ಷೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತು. ಮುಂದೆ ಈ ಕಾನೂನು ನಮ್ಮ ಕಡೆಗೂ ಬಂತು. ಹುಬ್ಬಳ್ಳಿ, ಗದಗಗಳಲ್ಲಿ ಅಂಥವರನ್ನು ಕೂಡಿಹಾಕಿದ 'ಸೆಟ್ಲಮೆಂಟ್'ಗಳಿದ್ದವು. 1952ರಲ್ಲಿ ಕಾನೂನು ರದ್ದಾದರೂ, ಊರಲ್ಲಿ ಕಳ್ಳತನವಾದರೆ ಮೊದಲು ಅವರ ಕೇರಿಯತ್ತ ನೋಡುವ ಅಭ್ಯಾಸ ಪೂರ್ತಿ ಹೋಗಿಲ್ಲ.

ತಲೆಬುರುಡೆ ನೋಡಿ ಹೇಳುವುದು, ಜಾತಕ ನೋಡಿ ಹೇಳುವುದು, ಜಾತಿ ನೋಡಿ ಹೇಳುವುದು ಮೂರೂ ಒಂದೇ ತಪ್ಪಿನ ಮೂರು ರೂಪಗಳು. ಮೂರರಲ್ಲೂ ತೀರ್ಪು ಮೊದಲು, ತನಿಖೆ ಆಮೇಲೆ. ಇಂದಿನ ಪ್ರೊಫೈಲಿಂಗ್ ಕೂಡ ಹೆಚ್ಚೆಂದರೆ ಎಲ್ಲಿ ಹುಡುಕಬೇಕು ಎಂದು ಸೂಚಿಸಬಹುದು, ಯಾರು ಮಾಡಿದರು ಎಂದು ಸಾಬೀತು ಮಾಡಲಾರದು. ಮನಸ್ಸನ್ನು ಯಂತ್ರದಿಂದ ಓದುವ ಆಸೆಗೂ ಮಿತಿ ಇದೆ. ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ.

ಮುಂದಿನ ಸಲ ಥ್ರಿಲ್ಲರ್ ಓದುವಾಗ, ಪತ್ತೇದಾರ ಒಂದೇ ನೋಟಕ್ಕೆ ಕೊಲೆಗಾರನ ಮನಸ್ಸನ್ನು ಓದಿಬಿಟ್ಟರೆ ಖುಷಿಪಡಿ, ಅದು ಕಥೆ. ಆದರೆ ನಿಮ್ಮ ಊರಲ್ಲಿ ಯಾರಾದರೂ ಮುಖ ನೋಡಿ ಕಳ್ಳನನ್ನು ಹಿಡಿಯುತ್ತೇನೆ ಎಂದರೆ, ಹೇಳಿದ ಜಾಗವನ್ನು ಮೊದಲು ಅಗೆದು ನೋಡಲು ಹೇಳಿ.