ಗೋಲು ತಡೆದ ಡಾಕ್ಟರು: ಟಿ. ಆವೊ

ಶನಿವಾರ ಬೆಳಗಾಯಿತೆಂದರೆ ನಮ್ಮ ಡಬ್ಲಿನ್ನಿನ ಮೈದಾನಗಳ ತುಂಬ ಮಕ್ಕಳ ಸಾಕರ್ ಗದ್ದಲ. ಅಂಚಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕೂರುವ ಕನ್ನಡದ ತಂದೆತಾಯಂದಿರಲ್ಲಿ ನಾವೂ ಸೇರಿದ್ದೇವೆ. ಅಲ್ಲಿ ಎರಡು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಮಗನನ್ನು ಹಿಂದೆ ಡಿಫೆನ್ಸಿನಲ್ಲಿ ನಿಲ್ಲಿಸಿಬಿಟ್ಟರಲ್ಲ, ಗೋಲು ಹೊಡೆಯುವ ಅವಕಾಶವೇ ಇಲ್ಲವಲ್ಲ ಎಂಬ ಬೇಸರ ಒಂದು. ಹೈಸ್ಕೂಲಿಗೆ ಬಂದ ಮೇಲೆ ಆಟ ಸಾಕು, ಓದು ಮುಖ್ಯ ಎಂಬ ತೀರ್ಮಾನ ಇನ್ನೊಂದು. ಈ ಎರಡಕ್ಕೂ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಹಿರಿಯರೊಬ್ಬರನ್ನು ಕೂಟದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ನೆನೆಯಲು ಬಯಸುತ್ತೇವೆ. ಅವರು ಡಾ. ತಾಲಿಮೆರೆನ್ ಆವೊ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದ ನಾಯಕರು. ನಮ್ಮಂತೆಯೇ ಎಂಬಿಬಿಎಸ್ ಓದಿ ವೈದ್ಯರಾದವರು.

ಆವೊ ಹುಟ್ಟಿದ್ದು 1918ರ ಜನವರಿ 28ರಂದು, ಆಗಿನ ಅಸ್ಸಾಮಿಗೆ ಸೇರಿದ್ದ ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ತಂದೆ ಇಂಪುರದ ಕ್ರೈಸ್ತ ಮಿಷನ್ನಿನಲ್ಲಿ ಧರ್ಮಗುರುಗಳು. ಮನೆ ತುಂಬ ಮಕ್ಕಳು. ಚಿಂದಿ ಬಟ್ಟೆ ಸುತ್ತಿದ ಚೆಂಡಿನಿಂದಲೇ ಆಟ ಶುರುವಾಯಿತು. 1935ರಲ್ಲಿ ತಂದೆ ವಿಷಮಶೀತ ಜ್ವರಕ್ಕೆ ಬಲಿಯಾದರು. ಮಗ ಡಾಕ್ಟರಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಹದಿನೇಳರ ಹುಡುಗ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ.

ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದುತ್ತಾ, ಅಲ್ಲಿನ ಮಹಾರಾಣಾ ಕ್ಲಬ್ಬಿಗೆ ಆಡುತ್ತಾ ಅವರು ಹೆಸರು ಮಾಡಿದರು. 1942ರಲ್ಲಿ ಕಲ್ಕತ್ತೆಯ ಕಾರ್ಮೈಕಲ್ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಇಂದು ಅದು ಆರ್. ಜಿ. ಕರ್ ಕಾಲೇಜು. ಮರುವರ್ಷವೇ ಮೋಹನ್ ಬಾಗಾನ್ ತಂಡ ಅವರನ್ನು ಸೇರಿಸಿಕೊಂಡಿತು. ಹಗಲು ಅನಾಟಮಿ, ಸಂಜೆ ಮೈದಾನ. ಅಲ್ಲಿ ಅವರು ನಿಂತದ್ದು ಸೆಂಟರ್ ಹಾಫ್ ಜಾಗದಲ್ಲಿ. ಆ ಕಾಲದ ತಂಡಗಳಲ್ಲಿ ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್. ನಡುವಿನವರಲ್ಲಿ ನಟ್ಟನಡುವೆ ನಿಲ್ಲುವ ಸೆಂಟರ್ ಹಾಫ್, ಎದುರಾಳಿಯ ದಾಳಿಯನ್ನು ಅರ್ಧದಲ್ಲೇ ಮುರಿದು, ಗೆದ್ದ ಚೆಂಡನ್ನು ಮುಂದಿನವರಿಗೆ ತಲುಪಿಸಬೇಕು. ಗೋಲಿನ ಪಟ್ಟಿಯಲ್ಲಿ ಅವನ ಹೆಸರು ಬರುವುದು ಅಪರೂಪ. ಅವನು ಸೋತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಈಶಾನ್ಯದ ಈ ವೀರರಿಗೂ ಕನ್ನಡಿಗರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು 1948ರ ಲಂಡನ್ ಒಲಿಂಪಿಕ್ಸಿನಲ್ಲಿದೆ. ಬೆಂಗಳೂರು ಆಗ ಫುಟ್‌ಬಾಲಿನ ಊರು. ಅಲ್ಲಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು. ಆವೊ ನಾಯಕತ್ವದ ತಂಡದಲ್ಲಿ ಗೋಲ್‌ಕೀಪರ್ ವರದರಾಜ್, ಬಶೀರ್, ಅಹಮದ್ ಖಾನ್, ಸಾರಂಗಪಾಣಿ ರಾಮನ್ ಹೀಗೆ ಬೆಂಗಳೂರಿನ ಕಡೆಯ ಆಟಗಾರರ ದೊಡ್ಡ ಗುಂಪೇ ಇತ್ತು. ವೆಂಬ್ಲಿಯ ಉದ್ಘಾಟನೆಯಲ್ಲಿ ಇಡೀ ಭಾರತ ತಂಡದ ಮುಂದೆ ತ್ರಿವರ್ಣ ಧ್ವಜ ಹಿಡಿದು ನಡೆದವರು ಆವೊ. ಸ್ವತಂತ್ರ ದೇಶದ ಬಾವುಟ ಒಲಿಂಪಿಕ್ಸಿಗೆ ಬಂದದ್ದು ಅದೇ ಮೊದಲು. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ರಾಮನ್ 70ನೆಯ ನಿಮಿಷದಲ್ಲಿ ಸಮ ಮಾಡಿದರು. ಎರಡು ಪೆನಾಲ್ಟಿ ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಬಿದ್ದು ಭಾರತ 1-2ರಿಂದ ಸೋತಿತು. ಸೋತರೂ ಇಂಗ್ಲೆಂಡಿನ ಜನ ಆ ಬರಿಗಾಲಿನ ಆಟವನ್ನು ಮೆಚ್ಚಿಕೊಂಡರು.

ಲಂಡನ್ನಿನ ಆರ್ಸೆನಲ್ ಕ್ಲಬ್ ಅವರನ್ನು ಒಂದು ವರ್ಷದ ಮಟ್ಟಿಗೆ ಕರೆಯಿತೆಂದೂ, ವೈದ್ಯಕೀಯ ಓದು ಮುಗಿಯಬೇಕಿದೆಯೆಂದು ಅವರು ಒಪ್ಪಲಿಲ್ಲವೆಂದೂ ಹೇಳುವುದುಂಟು. ಅವರು ಊರಿಗೆ ಮರಳಿ, 1950ರಲ್ಲಿ ಎಂಬಿಬಿಎಸ್ ಮುಗಿಸಿದ್ದಂತೂ ನಿಜ. ಸೇರಿ ಎಂಟು ವರ್ಷವಾಗಿತ್ತು. ಮುಂದಿನ ವರ್ಷ ದೆಹಲಿಯ ಏಷ್ಯನ್ ಕ್ರೀಡೆಯಲ್ಲಿ ಭಾರತ ಚಿನ್ನ ಗೆದ್ದಾಗ ಒಲಿಂಪಿಕ್ಸಿನ ಜೊತೆಗಾರರಾದ ಶೈಲೇನ್ ಮನ್ನಾ ನಾಯಕರು, ಅಹಮದ್ ಖಾನ್ ತಂಡದಲ್ಲಿ. ಆವೊ ಆ ತಂಡದಲ್ಲಿಲ್ಲ. ಅವರು ದಿಬ್ರುಗಢದ ವೈದ್ಯಕೀಯ ಕಾಲೇಜಿನಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ಹೌಸ್ ಸರ್ಜನ್ ಆದರು. 1953ರಲ್ಲಿ ಕೊಹಿಮಾಕ್ಕೆ ಸಹಾಯಕ ಸಿವಿಲ್ ಸರ್ಜನ್ ಆಗಿ ಬಂದರು. ನಾಗಾಲ್ಯಾಂಡ್ 1963ರಲ್ಲಿ ರಾಜ್ಯವಾಯಿತು. ಕ್ರಮೇಣ ಅವರು ಅದರ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ರ ಸೆಪ್ಟೆಂಬರ್ 13ರಂದು, ಎಂಬತ್ತು ತುಂಬಿದ ಬಾಳು ಮುಗಿಯಿತು.

ಈ ಚರಿತ್ರೆಯನ್ನು ಆಟ ಬಿಟ್ಟು ಓದು ಹಿಡಿದ ಜಾಣ ಹುಡುಗನ ನೀತಿಕಥೆಯನ್ನಾಗಿ ಮಾಡುವುದು ಸುಲಭ. ಮೇಲಿನ ವರ್ಷಗಳನ್ನು ಇನ್ನೊಮ್ಮೆ ಎಣಿಸಿ ನೋಡಿ. ಆವೊ ಡಾಕ್ಟರಾಗಲು ಆಟ ಬಿಡಲಿಲ್ಲ. ಎಂಟು ವರ್ಷ ಎರಡನ್ನೂ ಹೊತ್ತರು. ಕಾಲೇಜಿನಲ್ಲಿ ತಡವಾದರೂ ಸಹಿಸಿಕೊಂಡರು. ತಂದೆಗೆ ಕೊಟ್ಟ ಮಾತು ಅವರನ್ನು ಮೈದಾನದಿಂದ ಎಳೆದು ತರಲಿಲ್ಲ, ಕೊನೆಗೆ ಎಲ್ಲಿ ನಿಲ್ಲಬೇಕೆಂದು ತಿಳಿಸಿತು ಅಷ್ಟೆ. ನಾವು ಸೆಕೆಂಡ್ ಪಿಯುಸಿಯ ಮೊದಲ ವಾರವೇ ಸಿಇಟಿಯ ಹೆಸರಿನಲ್ಲಿ ಚೆಂಡನ್ನು ಅಟ್ಟಕ್ಕೆ ಹಾಕಿದವರು. ಸೀಟು ಸಿಕ್ಕಿತು, ರೆಸಿಡೆನ್ಸಿಯೂ ಆಯಿತು, ಚೆಂಡು ಮಾತ್ರ ಕೆಳಗಿಳಿಯಲೇ ಇಲ್ಲ. ಅದರಿಂದ ಎಷ್ಟು ಅಂಕ ಹೆಚ್ಚಿತೆಂದು ಇಂದಿಗೂ ಲೆಕ್ಕ ಸಿಕ್ಕಿಲ್ಲ.

ಇನ್ನು ಡಿಫೆನ್ಸಿನ ಮಾತು. ನಮ್ಮ ವೃತ್ತಿಯಲ್ಲೂ ಹೆಚ್ಚಿನ ಕೆಲಸ ಅದೇ. ಲಸಿಕೆ ಹಾಕಿಸಿಕೊಂಡದ್ದರಿಂದ ಬಾರದ ಕಾಯಿಲೆಗೆ, ರಕ್ತದೊತ್ತಡ ಹತೋಟಿಯಲ್ಲಿಟ್ಟುದರಿಂದ ಆಗದ ಪಾರ್ಶ್ವವಾಯುವಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆವೊ ಮೊದಲು ಮೈದಾನದಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ, ತಡೆಯುವ ಕೆಲಸವನ್ನೇ ಮಾಡಿದರು. ಮುಂದಿನ ಶನಿವಾರ ನಿಮ್ಮ ಮಗನೋ ಮಗಳೋ ಹಿಂದೆ ನಿಂತಿದ್ದರೆ ಬೇಸರಿಸಬೇಡಿ. ಹೈಸ್ಕೂಲು ಬಂತೆಂದು ಅವರ ಬೂಟನ್ನು ಗ್ಯಾರೇಜಿಗೆ ಹಾಕುವ ಮೊದಲು ಚಾಂಗ್ಕಿಯ ಈ ಡಾಕ್ಟರನ್ನು ಒಮ್ಮೆ ನೆನೆದುಕೊಳ್ಳಿ.