ಕಣ್ಣೊಳಗಿನ ರಕ್ತವನ್ನು ಚಿತ್ರಿಸಿದ ಎಡ್ವರ್ಡ್ ಮುಂಕ್

ನಾರ್ವೆ ದೇಶದ ಹೆಸರಾಂತ ಚಿತ್ರಕಾರ ಎಡ್ವರ್ಡ್ ಮುಂಕ್ ಜನಿಸಿದ್ದು 1863ರ ಡಿಸೆಂಬರ್ 12ರಂದು. ತಂದೆ ಸೇನೆಯ ವೈದ್ಯರು. ಆದರೂ ಆ ಮನೆಯನ್ನು ಕಾಯಿಲೆ ಬಿಡಲಿಲ್ಲ. ಮುಂಕ್‌ಗೆ ಐದು ವರ್ಷವಿದ್ದಾಗ ತಾಯಿ, ಹದಿಮೂರಿದ್ದಾಗ ಅಕ್ಕ ಸೋಫಿ ಕ್ಷಯಕ್ಕೆ ಬಲಿಯಾದರು. ಇಂಜಿನಿಯರಿಂಗ್ ಓದಲು ಸೇರಿದ್ದ ಹುಡುಗ ಅದನ್ನು ಅರ್ಧದಲ್ಲೇ ಬಿಟ್ಟು ಕುಂಚ ಹಿಡಿದರು. 1893ರಲ್ಲಿ ಅವರು ಬರೆದ 'ಚೀತ್ಕಾರ' ಚಿತ್ರವನ್ನು ನೋಡದವರು ಕಡಿಮೆ.

1930ರ ಮೇ ತಿಂಗಳಲ್ಲಿ, ಅವರ 66ನೇ ವಯಸ್ಸಿನಲ್ಲಿ, ಬಲಗಣ್ಣಿನೊಳಗೆ ರಕ್ತಸ್ರಾವವಾಯಿತು. ಎಡಗಣ್ಣು ಮೊದಲೇ ಮಂದ. ಅಂದರೆ ಇದ್ದ ಒಂದು ಒಳ್ಳೆಯ ಕಣ್ಣಿಗೂ ಕತ್ತಲು ಕವಿಯಿತು. ಚಿತ್ರಕಾರನೊಬ್ಬನಿಗೆ ಇದಕ್ಕಿಂತ ದೊಡ್ಡ ಆಘಾತ ಇನ್ನೇನಿದೆ?

ನಮ್ಮ ಕಣ್ಣುಗುಡ್ಡೆಯೊಳಗೆ ವಿಟ್ರಿಯಸ್ ಎಂಬ ತಿಳಿಯಾದ ಲೋಳೆ ತುಂಬಿರುತ್ತದೆ. ರೆಟಿನಾದ ರಕ್ತನಾಳ ಒಡೆದು ರಕ್ತ ಅದರಲ್ಲಿ ಬೆರೆತರೆ ಬೆಳಕಿನ ದಾರಿಯೇ ಮುಚ್ಚಿಹೋಗುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಕಪ್ಪು ಚುಕ್ಕೆ, ಜೇಡರ ಬಲೆಯಂತಹ ಎಳೆಗಳು ತೇಲುತ್ತವೆ, ಅಷ್ಟೆ.

ಓಸ್ಲೋದ ನೇತ್ರವೈದ್ಯ ಯೋಹಾನ್ ರೇಡರ್ ಪರೀಕ್ಷಿಸಿ ವಿಶ್ರಾಂತಿ ಪಡೆಯಲು ಸೂಚಿಸಿದರು. ಆ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ. ಆದರೆ ಮುಂಕ್ ಕೈಕಟ್ಟಿ ಕೂರಲಿಲ್ಲ. ಎಡಗಣ್ಣನ್ನು ಮುಚ್ಚಿಕೊಂಡು, ಬಲಗಣ್ಣಿಗೆ ಕಂಡದ್ದನ್ನೆಲ್ಲ ಕಾಗದಕ್ಕಿಳಿಸತೊಡಗಿದರು. ಒಂದರೊಳಗೊಂದು ಬಣ್ಣದ ವೃತ್ತಗಳು, ನಡುವೆ ಕೊಕ್ಕು ಚಾಚಿದ ಹಕ್ಕಿಯಂತಹ ಕಪ್ಪು ಕಲೆ. ಚಿತ್ರಗಳ ಮೇಲೆ ದಿನಾಂಕವನ್ನೂ ಬರೆದಿಟ್ಟರು. ವೈದ್ಯರ ಮಗನಲ್ಲವೇ! ರೋಗಿಯೇ ತನ್ನ ಕಣ್ಣೊಳಗನ್ನು ಇಷ್ಟು ನಿಖರವಾಗಿ ಬರೆದಿಟ್ಟ ಉದಾಹರಣೆ ತೀರಾ ಅಪರೂಪ.

ತಿಂಗಳುಗಳು ಕಳೆದಂತೆ ರಕ್ತ ಕರಗಿ ದೃಷ್ಟಿ ಸುಧಾರಿಸಿತು. ಮತ್ತೆ ಕುಂಚ ಹಿಡಿದ ಅವರು 1944ರ ಜನವರಿ 23ರಂದು ತೀರಿಕೊಳ್ಳುವ ಮೊದಲು ತಮ್ಮ ಬಳಿಯಿದ್ದ ಸಾವಿರಕ್ಕೂ ಮಿಕ್ಕಿದ ವರ್ಣಚಿತ್ರಗಳನ್ನು ಓಸ್ಲೋ ನಗರಕ್ಕೆ ಉಯಿಲು ಬರೆದಿದ್ದರು.

ಮುಂಕ್ ತೀರಿಕೊಂಡು 26 ವರ್ಷಗಳ ನಂತರ, 1970ರಲ್ಲಿ, ಅಮೆರಿಕದ ಮಯಾಮಿಯಲ್ಲಿ ಜರ್ಮನ್ ಮೂಲದ ವೈದ್ಯ ರಾಬರ್ಟ್ ಮ್ಯಾಕೆಮರ್ ಹೊಸ ಶಸ್ತ್ರಚಿಕಿತ್ಸೆಯೊಂದನ್ನು ಮಾಡಿದರು. ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ರಂಧ್ರ ಮಾಡಿ, ರಕ್ತ ಬೆರೆತ ಲೋಳೆಯನ್ನು ಕತ್ತರಿಸಿ ಹೀರಿ, ಆ ಜಾಗಕ್ಕೆ ಲವಣದ್ರಾವಣ ತುಂಬುವ ಈ ವಿಧಾನಕ್ಕೆ ವಿಟ್ರೆಕ್ಟಮಿ ಎಂದು ಹೆಸರು. ಈಗ ಆ ರಂಧ್ರಗಳು ಒಂದು ಮಿಲಿಮೀಟರಿಗಿಂತಲೂ ಚಿಕ್ಕವು. ಸಕ್ಕರೆ ಕಾಯಿಲೆಯಿಂದ ಹೀಗೆ ದೃಷ್ಟಿ ಕಳೆದುಕೊಂಡ ಎಷ್ಟೋ ಮಂದಿಗೆ ಇದರಿಂದ ಮತ್ತೆ ಕಣ್ಣು ಕಂಡಿದೆ. ರಕ್ತ ತಾನಾಗಿ ಕರಗುವಂತಿದ್ದರೆ ವೈದ್ಯರು ಇಂದಿಗೂ ಕೆಲಕಾಲ ಕಾಯುತ್ತಾರೆ. ಆದರೆ ರೆಟಿನಾ ಹರಿದಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಿದ ಮೇಲೆಯೇ.