ಅಧ್ಯಾಪಕರ ಅಧ್ಯಾಪಕ ವಿ.ಕೃ. ಗೋಕಾಕ

ಜ್ಞಾನಪೀಠ ಪುರಸ್ಕೃತ ಕವಿಯೆಂದು ನಾಡು ಸ್ಮರಿಸುವ ವಿನಾಯಕ ಕೃಷ್ಣ ಗೋಕಾಕರು ವೃತ್ತಿಯಿಂದ ಅಧ್ಯಾಪಕರು. ಅಧ್ಯಾಪಕರನ್ನು ರೂಪಿಸಿದವರೂ ಹೌದು.

ಲಕ್ಷ್ಮೇಶ್ವರ ಸೀಮೆಗೆ ಸಮೀಪದ ಸವಣೂರಿನಲ್ಲಿ 1909ರ ಆಗಸ್ಟ್ 9ರಂದು ಜನಿಸಿದ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಆಕ್ಸ್‌ಫರ್ಡ್‌ನಲ್ಲಿ ಪ್ರಥಮ ಶ್ರೇಣಿ ಪಡೆದು 1938ರಲ್ಲಿ ಸ್ವದೇಶಕ್ಕೆ ಮರಳಿದರು. ಮುಂದೆ ಸಾಂಗ್ಲಿ, ಕೊಲ್ಹಾಪುರ, ಧಾರವಾಡಗಳಲ್ಲಿ ಪ್ರಾಚಾರ್ಯರಾದರು.

1959ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ದೇಶದ ಇಂಗ್ಲಿಷ್ ಅಧ್ಯಾಪಕರಿಗೆ ತರಬೇತಿ ನೀಡುವುದು ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ಆ ಸಂಸ್ಥೆಯ ಹೊಣೆಯಾಗಿತ್ತು. 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಂಗ್ಲಿಷ್ ಬೋಧನೆಯನ್ನು ಕಲಿಸಿದ ಇದೇ ಪ್ರಾಧ್ಯಾಪಕರ ಸಮಿತಿ, ಪ್ರೌಢಶಾಲೆಗಳಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಶಿಫಾರಸು ಮಾಡಿತು. ಆ ವರದಿಯ ಜಾರಿಗಾಗಿ ನಾಡೇ ಬೀದಿಗಿಳಿಯಿತು.

ಅದೇ ವರ್ಷ ಅವರು ಪುಟ್ಟಪರ್ತಿಯ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಯ ಪ್ರಥಮ ಕುಲಪತಿಯಾದರು. ಅರವಿಂದರ ದರ್ಶನದಿಂದ ಗಾಢವಾಗಿ ಪ್ರಭಾವಿತರಾಗಿದ್ದ ಅವರಿಗೆ ಬುದ್ಧಿಯ ಶಿಕ್ಷಣವೂ ಅಂತರಂಗದ ಸಾಧನೆಯೂ ಬೇರೆಯಾಗಿರಲಿಲ್ಲ. ಶುಲ್ಕವಿಲ್ಲದ ಆ ವಿದ್ಯಾಲಯದಲ್ಲಿ ಪದವಿಯ ಪಾಠದೊಡನೆ ಪ್ರಾರ್ಥನೆ, ಧ್ಯಾನ, ಸೇವೆಗಳೂ ದಿನಚರಿಯಾದವು. 1985ರವರೆಗೆ ಅವರು ಆ ಹೊಣೆ ನಿರ್ವಹಿಸಿದರು.

1992ರ ಏಪ್ರಿಲ್ 28ರಂದು ಗೋಕಾಕರು ನಿಧನರಾದರು. ಬೋಧನಾ ವಿಧಾನವನ್ನು ತರಬೇತಿಯಿಂದ ಕಲಿಸಬಹುದು; ಬೋಧಿಸುವವನ ಅಂತರಂಗವನ್ನು ಹದಗೊಳಿಸುವ ಬಗೆ ಯಾವುದು? ಅವರ ಬದುಕು ಎತ್ತಿದ ಈ ಪ್ರಶ್ನೆಗೆ ನಮ್ಮ ಶಿಕ್ಷಕ ತರಬೇತಿ ಇನ್ನೂ ಉತ್ತರಿಸಬೇಕಿದೆ.